ಪರಲೋಕಕ್ಕೆ ಎರಡು ದಿನ ರಜೆ

ನಂದಿದುರ್ಗ ಲೈನು, ಕೆ.ಜಿ.ಎಫ್.
5–12–1957

ಅಕ್ಕ ಮುನಿಶಾಮಮ್ಮನಿಗೆ ತಮ್ಮ ಕದಿರಪ್ಪ ಮಾಡುವ ನಮಸ್ಕಾರ.

ನಾಲ್ಕು ವರ್ಷ ಆದ ಮೇಲೆ ನನ್ನ ಕಾಗದ ಬಂದಿದೆ ಅಂದರೆ ಯಾರು ಸತ್ತರು ಅಂತ ಕೇಳುತ್ತೀಯ. ಯಾರೂ ಸತ್ತಿಲ್ಲ. ಆಕಾಶಕ್ಕೆ ಹೋಗಬೇಕಾಗಿದ್ದ ನಾವು ಎಂಬತ್ತು ಜನವೂ ಇಲ್ಲೇ ಇದ್ದೇವೆ, ಅದೇ ಈಗ ತೊಂದರೆ ಆಗಿರುವುದು.

ನಾನು ಕಡೇ ತುತ್ತೂರಿ ಸಭೆ ಬಿಟ್ಟೆ. ಬಿಟ್ಟೆನೋ ಬಿಡಿಸಿದರೋ ನೀನೇ ಓದಿ ಹೇಳು. ನಿನಗೆ ಓದು ಬರಲ್ಲ, ಯಾರ ಕೈಲಾದರೂ ಓದಿಸಿ ಕೇಳಿ ಹೇಳು.

ನಮ್ಮ ಬ್ರದರ್ ಜ್ಞಾನಮುತ್ತು ಹೋದ ಬೇಸಗೆಯಿಂದಲೇ ಹೇಳುತ್ತಿದ್ದರು, ನವೆಂಬರ್ ಇಪ್ಪತ್ತು ಬುಧವಾರ ಬೆಳಗ್ಗೆ ಕರ್ತನಾದ ಯೇಸು ಮೋಡದ ಮೇಲೆ ಬರುತ್ತಾನೆ, ಸಭೆಯವರನ್ನು ಮಾತ್ರ ಕರೆದುಕೊಂಡು ಹೋಗುತ್ತಾನೆ ಅಂತ. ಎತ್ತರದಲ್ಲಿ ನಿಂತರೆ ಅನುಕೂಲ ಅಂತ ಎಲ್ಲರೂ ಬಿಳಿ ಬಟ್ಟೆ ಉಟ್ಟು ಸೈನೈಡ್ ದಿಬ್ಬ ಹತ್ತಿದೆವು. ಚಿನ್ನ ತೆಗೆದು ಉಳಿದ ಪುಡಿಮಣ್ಣು ಸುರಿದೂ ಸುರಿದೂ ಗುಡ್ಡ ಆಗಿದೆಯಲ್ಲ, ನೀನು ನೋಡಿದ್ದೀಯ. ಎಂಟಾಯಿತು, ಹತ್ತಾಯಿತು. ಹಾಡಿ ಹಾಡಿ ಗಂಟಲು ಕಟ್ಟಿತು. ಹನ್ನೊಂದಕ್ಕೆ ಮಕ್ಕಳು ಹಸಿವು ಅಂತ ಅತ್ತವು. ಯಾರೂ ಬುತ್ತಿ ತಂದಿರಲಿಲ್ಲ, ತಂದರೆ ನಂಬಿಕೆ ಇಲ್ಲ ಅಂತ ಆಗುತ್ತಲ್ಲ. ಮಧ್ಯಾಹ್ನ ಎರಡಕ್ಕೆ ಒಬ್ಬೊಬ್ಬರೇ ಇಳಿದೆವು. ಇಳಿಯುವಾಗ ಯಾರ ಮುಖ ಯಾರೂ ನೋಡಲಿಲ್ಲ.

ಭಾನುವಾರ ಬ್ರದರ್ ಸಭೆಯಲ್ಲಿ ಹೇಳಿದರು, ನಮ್ಮಲ್ಲಿ ಒಬ್ಬ ಅವಿಶ್ವಾಸಿ ಇದ್ದ, ಅದಕ್ಕೇ ಕರ್ತನು ಅರ್ಧ ದಾರಿಯಿಂದ ವಾಪಸು ಹೋದ ಅಂತ. ಆ ಅವಿಶ್ವಾಸಿ ನಾನೇ. ಟೈಂ ಆಫೀಸಿನ ಗುಮಾಸ್ತೆ ದೊಡ್ಡವೆಂಕಟಪ್ಪ ನನ್ನ ರಜೆ ಚೀಟಿ ವಿಷಯ ಊರಿಗೆಲ್ಲ ಹೇಳಿಕೊಂಡು ನಕ್ಕಿದ್ದನಂತೆ. ಸಭೆಯವರಲ್ಲಿ ಮೂವರು ಗಣಿ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದರು, ಉಳಿದವರು ಹೇಳದೆ ಕೇಳದೆ ಬಂದಿದ್ದರು. ನಾನೊಬ್ಬ ರಜೆ ಬರೆದು ಕೊಟ್ಟಿದ್ದೆ. ಬುಧವಾರ ಹೋಗುವುದಕ್ಕೆ, ಗುರುವಾರ ಅಕಸ್ಮಾತ್ ತಡವಾದರೆ ಇರಲಿ ಅಂತ. ಶುಕ್ರವಾರ ಬೆಳಗಿನ ಪಾಳಿಗೆ ಹಾಜರಾಗುತ್ತೇನೆ ಅಂತಲೂ ಬರೆದಿದ್ದೆ. ಕಾರಣ ಅನ್ನುವ ಕಡೆ 'ಊರಿಗೆ ಹೋಗುವುದು'.

ಎಲ್ಲರ ಎದುರು ನಿಂತು ತಪ್ಪೊಪ್ಪಿಕೋ ಅಂದರು. ಒಪ್ಪಿಕೊಳ್ಳೋಣ ಅಂತಲೇ ಎದ್ದು ನಿಂತೆ. ಬಾಯಿಗೆ ಬಂದ ಮಾತೇ ಬೇರೆ. 'ಬ್ರದರ್, ಲೋಕಾನೇ ಮಾಡಿದೋನು ನನ್ನ ರಜೆ ಚೀಟಿ ನೋಡಿ ವಾಪಸು ಹೋದ್ನಾ?' ಅಂದೆ. ಹಿಂದೆ ಯಾರೋ ಕಿಸಕ್ಕೆಂದರು. ನಾನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ಹೋದ ವರ್ಷ ನೀನು ಮಗೂನ ಎತ್ತಿಕೊಂಡು ಬಂದು ನನ್ನ ಬಾಗಿಲು ತಟ್ಟಿದಾಗ ನಾನು ಒಳಗೇ ಇದ್ದೆ. ಸಭೆಗೆ ಸೇರದ ನೆಂಟರ ಕೂಡ ಮಾತು ಕೂಡದು ಅಂತ ಸಭೆಯವರು ಹೊರಗೆ ನಿಂತು, ನಿನ್ನ ದನಿ ಕೇಳಿಸದ ಹಾಗೆ ಹಾಡುತ್ತಿದ್ದರು. ನಾನೂ ಒಳಗಿಂದ ಹಾಡಿದೆ. ಅದನ್ನು ಬರೆಯಬೇಕು ಅಂತಲೇ ಈ ಕಾಗದ ಹಿಡಿದೆ, ದಿಬ್ಬದ ಕಥೆ ಮುಂದೆ ಬಂತು.

ನಿನ್ನ ತಮ್ಮ,
ಕದಿರಪ್ಪ
(ಸಭೆಯಲ್ಲಿ ಗಿದ್ಯೋನ ಅಂತ ಹೆಸರಿಟ್ಟಿದ್ದರು. ಅದನ್ನೂ ಅಲ್ಲೇ ಬಿಟ್ಟು ಬಂದೆ.)


ಬಂಗಾರಪೇಟೆ
12–12–1957

ಚಿರಂಜೀವಿ ಕದಿರಪ್ಪನಿಗೆ ಮುನಿಶಾಮಮ್ಮನ ಆಶೀರ್ವಾದಗಳು. (ಬರೆಯುತ್ತಿರುವವನು ಆಕೆಯ ಮನೆ ಪಕ್ಕದ ಟೈಲರ್ ಬಚ್ಚಪ್ಪ. ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕೆಂದು ಆಣೆ ಇಟ್ಟಿರುವುದರಿಂದ ಭಾಷೆಗೆ ನಾನು ಹೊಣೆಯಲ್ಲ.)

ಲೋ ಕದಿರಾ, ನಿನ್ ಕಾಗ್ದ ಕೇಳ್ತಾ ನಗ್ಲೋ ಅಳ್ಲೋ ತಿಳೀಲಿಲ್ಲ ಕಣ್ಲಾ. ನಿಮ್ ಬಾವ ರಜೆ ಚೀಟಿ ವಿಷ್ಯ ಬಂದಾಗ ಉಣ್ತಾ ಇದ್ದೋರು ನಕ್ಕು ನಕ್ಕು ನೆತ್ತಿಗೇರಿಸ್ಕೊಂಡ್ರು. ಅವ್ರಿಗೆ ನಿನ್ ಮೇಲೆ ಇದೇ ಮೊದಲ್ನೇ ಸಲ ಮರ್ಯಾದೆ ಬಂದಿದ್ದು. ರೈಲ್ವೇ ಕೆಲಸ್ದೋರಲ್ವಾ, ರಜೆ ಬರೆದು ಕೊಡೋ ಮನುಷ್ಯ ಅಂದ್ರೆ ಅವ್ರಿಗೆ ಇಷ್ಟ. ಸ್ಟೇಷನ್ ಪೂರ್ತಿ ಹೇಳ್ಕೊಂಡ್ ಬಂದವ್ರೆ.

ಬಾಗ್ಲು ವಿಷ್ಯ ಬಿಡು. ನೀನು ಹಾಡಿದ್ದು ಕೇಳಿಸ್ತು. ನಿನ್ ಗಂಟ್ಲು ನಂಗೆ ಗೊತ್ತಾಗಲ್ವಾ, ಚಿಕ್ಕಂದಿನಿಂದ್ಲೂ ಶ್ರುತಿ ಇಲ್ಲ.

ಈಗ ಕೇಳು. ಮಗ ಆಂಜಿನಿಗೆ ನಾಲ್ಕೂವರೆ ಆತು. ಹುಟ್ಟುಗೂದ್ಲು ಹಂಗೇ ಐತೆ. ಸೋದರಮಾವನ ತೊಡೆ ಮೇಲೆ ಕೂರಿಸಿ ಮುನೇಶ್ವರನ ಮುಂದೆ ಮುಡಿ ತೆಗೀಬೇಕು, ನಿಂಗೂ ಹಂಗೇ ತೆಗ್ದಿದ್ದು. ಮೂರಕ್ಕೆ ಆಗ್ಬೇಕಾಗಿತ್ತು, ನೀನು ಒಳಗೆ ಕೂತು ಹಾಡ್ದೆ. ಬರೋ ಮೇ ತಿಂಗ್ಳು ಐದು ತುಂಬ್ತದೆ, ಅದ್ರೊಳಗೆ ಆಗ್ಬೇಕು. ತಪ್ಪಿದ್ರೆ ಏಳಕ್ಕೆ. ಅಲ್ಲೀವರ್ಗೂ ಈ ಜಡೆ ಬಾಚೋರ್ಯಾರು? ಸಿಡುಬಿಗೆ ಚುಚ್ಚೋಕೆ ಬಂದಿದ್ದೋನು ಹುಡ್ಗಿ ಅಂದ್ಕೊಂಡು ಆಂಜಿನಮ್ಮ ಅಂತ ಬರ್ಕೊಂಡ. ಮಗ ಚಡ್ಡಿ ಬಿಚ್ಚಿ ತೋರಿಸ್ದ, ಆದ್ರೂ ಶಾಯೀಲಿ ಬರೆದಾಗೋಯ್ತು, ಏನೂ ಮಾಡೋಕಾಗಲ್ಲ ಅಂದ.

ಸಭೆ ಬಿಟ್ಯಲ್ಲ, ಪೀಡೆ ತೊಲಗ್ತು. ಸಂಕ್ರಾಂತಿ ಆದ್ಮೇಲೆ ದಿನ ನೋಡಿಸ್ತೀನಿ. ಬಂದು ತೊಡೆ ಕೊಡು. ಹಂಗೇ ಮುನೇಶ್ವರನಿಗೊಂದು ಕಾಯಿ ಒಡ್ದು, ತಪ್ಪಾತು ಅಂತ ಕೈಮುಗ್ದು, ಕುಂಕುಮ ಇಟ್ಕೊಂಡು ಮೊದಲ್ನಂಗೆ ಆಗ್ಬಿಡು.

ಇಂತಿ ನಿನ್ ಅಕ್ಕ,
ಮುನಿಶಾಮಮ್ಮ (ಹೆಬ್ಬೆಟ್ಟು)


ನಂದಿದುರ್ಗ ಲೈನು
3–1–1958

ಅಕ್ಕಾ,

ಸಭೆ ಬಿಟ್ಟೆ ಅಂತ ಬರೆದೆ. ಯೇಸುವನ್ನು ಬಿಟ್ಟೆ ಅಂತ ಬರೆಯಲಿಲ್ಲ.

ಇಲ್ಲಿ ನನ್ನ ನಂಬಿಕೆ ತೂಗೋಕೆ ಎಲ್ಲರ ಕೈಯಲ್ಲೂ ಒಂದೊಂದು ತಕ್ಕಡಿ. ಒಬ್ಬ ಉಪದೇಶಿ ಬಂದು, ನಮ್ಮ ಚರ್ಚಿಗೆ ಬಾ, ನಿನಗೆ ಹಿಂದೆ ಆದ ದೀಕ್ಷಾಸ್ನಾನ ಲೆಕ್ಕಕ್ಕೆ ಬರುತ್ತೋ ಇಲ್ಲವೋ ದೊಡ್ಡವರನ್ನು ಕೇಳಿ ಹೇಳ್ತೀನಿ ಅಂದ. ಲೈನಿನ ಮಾರಿಯಮ್ಮನ ಪೂಜಾರಿ ಒಂದು ಕೋಳಿ ಕೊಟ್ಟರೆ ಎಲ್ಲ ಸರಿಹೋಗುತ್ತೆ ಅಂದ. ಯೂನಿಯನ್ನಿನವನು ದೇವರೇ ಇಲ್ಲ, ಮೀಟಿಂಗಿಗೆ ಬಾ ಅಂದ. ದೊಡ್ಡವೆಂಕಟಪ್ಪ ದಿನಾ ಹಾಜರಿ ಹಾಕುವಾಗ, ಇನ್ನೂ ಇಲ್ಲೇ ಇದೀಯಾ ಅಂತ ಕೇಳುತ್ತಾನೆ.

ಗಣಿಯೊಳಕ್ಕೆ ಕೇಜಿನಲ್ಲಿ ಇಳಿಯುವಾಗ ನನಗೆ ಒಂದೇ ಯೋಚನೆ. ಆ ರಜೆ ಬರೆಯುವಾಗ ನಾನು ನಂಬಿದ್ದೆನೋ ಇಲ್ಲವೋ? ಹೊಸದಾಗಿ ಬಿಳಿ ಅಂಗಿ ಹೊಲಿಸಿದ್ದೆ. ಡಬ್ಬದಲ್ಲಿದ್ದ ರಾಗಿಹಿಟ್ಟೆಲ್ಲ ಪಕ್ಕದ ಮನೆಗೆ ಕೊಟ್ಟಿದ್ದೆ. ಅಷ್ಟು ನಂಬಿದ್ದೆ. ಶುಕ್ರವಾರ ಹಾಜರ್ ಅಂತ ಬರೆದ ಕೈಯೂ ನನ್ನದೇ. ಈಗಲೂ ಕೇಜು ಜಗ್ಗಿದರೆ ಬಾಯಿಗೆ ಯೇಸಪ್ಪಾ ಅಂತಲೇ ಬರುತ್ತೆ. ಅದು ನಂಬಿಕೆಯೋ ಬರೀ ಅಭ್ಯಾಸವೋ ನನಗೆ ಗೊತ್ತಿಲ್ಲ.

ಗೊತ್ತಾಗದೆ ಮುನೇಶ್ವರನ ಮುಂದೆ ತಪ್ಪಾಯ್ತು ಅನ್ನಲಾರೆ. ಬೇರೆಯವರು ಹೇಳಿದರು ಅಂತ ಒಂದು ಸಲ ತಪ್ಪಾಯ್ತು ಅನ್ನೋಕೆ ಎದ್ದು ನಿಂತಿದ್ದೆ, ಅದು ಸಾಕು. ಆಂಜಿನಿಯನ್ನು ತೊಡೆ ಮೇಲೆ ಕೂರಿಸಿಕೊಳ್ಳೋಕೆ ಆಸೆ ಇದೆ. ಕಾಯಿ, ಕುಂಕುಮ ಮಾತ್ರ ಬೇಡ.

ನಿನ್ನ ತಮ್ಮ,
ಕದಿರಪ್ಪ


ಬಂಗಾರಪೇಟೆ
11–1–1958

ಕದಿರಾ,

ಕಾಯಿ ಬೇಡ ಕುಂಕುಮ ಬೇಡ, ತೊಡೆ ಮಾತ್ರ ಕೊಡ್ತೀನಿ ಅನ್ನೋಕೆ ಇದೇನು ಬಾಡಿಗೆ ಕುರ್ಚಿನಾ? ಬರೋದಾದ್ರೆ ಪೂರ್ತಿ ಬಾ. ಇಲ್ದಿದ್ರೆ ಅಲ್ಲೇ ಬಾಗ್ಲು ಹಾಕ್ಕೊಂಡು ಹಾಡ್ಕೋ. ಬಚ್ಚಪ್ಪಾ ಇಷ್ಟು ಸಾಕು, ಮಡಚು. ಇದನ್ಯಾಕೆ ಬರೀತಿದ್ದೀಯ, ಇದು ಬರೆಯೋಕಲ್ಲ, ನಿಂಗೆ ಹೇಳಿದ್ದು.

ಮುನಿಶಾಮಮ್ಮ (ಹೆಬ್ಬೆಟ್ಟು ಒತ್ತದೆ ಎದ್ದು ಹೋದರು)

ವಿ.ಸೂ.: ಕದಿರಪ್ಪನವರೇ, ಇನ್ನು ಮುಂದಿನದು ನನ್ನ ಸ್ವಂತ ಬರಹ. ಗಿರಾಕಿಯ ಅಳತೆಯನ್ನೂ ಗುಟ್ಟನ್ನೂ ಹೊರಗೆ ಬಿಡಬಾರದೆಂದು ನನಗೆ ಕೆಲಸ ಕಲಿಸಿದವರು ಹೇಳಿದ್ದಾರೆ. ಆದರೆ ತಮ್ಮ ಮೊದಲನೆಯ ಕಾಗದ ಓದಿದ ದಿನದಿಂದ ನನಗೆ ಹೊಟ್ಟೆ ಉಬ್ಬರಿಸಿದಂತಾಗಿದೆ. ತಮ್ಮ ಬ್ರದರ್ ಜ್ಞಾನಮುತ್ತುರವರು ನವೆಂಬರ್ ಹದಿನೈದನೇ ತಾರೀಖು ನನ್ನ ಅಂಗಡಿಗೆ ಬಂದು ಬೂದು ಬಣ್ಣದ ಉಣ್ಣೆ ಕೋಟಿಗೆ ಅಳತೆ ಕೊಟ್ಟರು. ಡಿಸೆಂಬರ್ ಚಳಿ ನನಗೆ ಆಗುವುದಿಲ್ಲ, ಇಪ್ಪತ್ತೈದಕ್ಕೆ ಬಂದು ತೆಗೆದುಕೊಳ್ಳುತ್ತೇನೆ, ದಯವಿಟ್ಟು ತಪ್ಪಿಸಬೇಡಿ ಎಂದರು. ಇಪ್ಪತ್ತಕ್ಕೇ ಅವರು ಮೇಲಕ್ಕೆ ಹೋಗಬೇಕಾಗಿತ್ತೆಂಬುದು ನನಗೆ ಆಗ ತಿಳಿದಿರಲಿಲ್ಲ. ಕೋಟು ಇನ್ನೂ ಗೂಟದಲ್ಲಿ ನೇತಾಡುತ್ತಿದೆ, ಅವರು ಬಂದಿಲ್ಲ. ತಮ್ಮ ಅಕ್ಕನವರಿಗೆ ಈ ವಿಷಯ ಹೇಳಿಲ್ಲ. ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ.

ಬಚ್ಚಪ್ಪ


ನಂದಿದುರ್ಗ ಲೈನು
20–1–1958

ಬಚ್ಚಪ್ಪನವರಿಗೆ ಕದಿರಪ್ಪನ ವಂದನೆಗಳು. ಇದನ್ನು ಅಕ್ಕನಿಗೆ ಓದಬೇಡಿ.

ಮೊದಲು ಒಬ್ಬನೇ ಕೂತು ನಕ್ಕೆ. ಆಮೇಲೆ ಸಿಟ್ಟು ಬಂತು. ರಾಜೀನಾಮೆ ಕೊಟ್ಟ ಆ ಮೂವರು ಈಗ ದಿನಾ ಟೈಂ ಆಫೀಸಿನ ಮುಂದೆ ಕೈಕಟ್ಟಿ ನಿಂತಿರುತ್ತಾರೆ. ಅವರಿಗೆ ವಾಪಸು ಸೇರಿಸಿಕೊಳ್ಳಿ ಅಂತ ಅರ್ಜಿ ಬರೆದುಕೊಟ್ಟವನು ನಾನೇ. ಅರ್ಜಿ ಅಂದರೆ ಈಗ ಲೈನಿನವರೆಲ್ಲ ನನ್ನ ಹತ್ತಿರವೇ ಬರುತ್ತಾರೆ. ಈ ಕೋಟಿನ ಸಂಗತಿ ಸಭೆಯಲ್ಲಿ ಎಲ್ಲರ ಮುಂದೆ ಹೇಳಿಬಿಡೋಣ ಅಂತ ನಿಮ್ಮ ಕಾಗದ ಜೇಬಿಗೆ ಹಾಕಿಕೊಂಡು ಹೊರಟೆ. ಬೀದಿ ತಿರುಗುವಷ್ಟರಲ್ಲಿ ಕಾಲು ನಿಂತಿತು.

ನಾಲ್ಕೂವರೆ ವರ್ಷದ ಹಿಂದೆ ಗಣಿಯೊಳಗೆ ಬಂಡೆ ಸಿಡಿದು ನನ್ನ ಜೊತೆಗಾರ ಮುನಿನಾರಾಯಣಪ್ಪ ಹೋಗಿಬಿಟ್ಟ. ನಾನು ಆರು ವಾರ ಆಸ್ಪತ್ರೆಯಲ್ಲಿ ಬಿದ್ದಿದ್ದೆ. ದಿನಾ ಸಂಜೆ ಬಂದು ನನ್ನ ಕೈ ಹಿಡಿದುಕೊಂಡು ಕೂತಿದ್ದವರು ಈ ಜ್ಞಾನಮುತ್ತು ಒಬ್ಬರೇ. ಆಗ ನಾನು ಅವರ ಸಭೆಯವನೂ ಅಲ್ಲ. ಕೋಟು ಸುಳ್ಳಲ್ಲ, ಆ ಕೈಯೂ ಸುಳ್ಳಲ್ಲ. ಎರಡನ್ನೂ ಒಂದೇ ಮನುಷ್ಯನಲ್ಲಿ ಹೇಗೆ ಕೂಡಿಸುವುದು ನನಗೆ ತಿಳಿಯುತ್ತಿಲ್ಲ. ನೀವು ಹೊಲಿಗೆ ಬಲ್ಲವರು, ತಿಳಿದರೆ ಬರೆಯಿರಿ.

ಕೋಟು ಗೂಟದಲ್ಲೇ ಇರಲಿ. ಅಕ್ಕ ಇನ್ನೂ ಸಿಟ್ಟಿನಲ್ಲಿದ್ದಾಳಾ?

ಕದಿರಪ್ಪ


ಬಂಗಾರಪೇಟೆ
28–3–1958

ಶ್ರೀ ಕದಿರಪ್ಪನವರಿಗೆ ಬಚ್ಚಪ್ಪ ಮಾಡುವ ವಿಜ್ಞಾಪನೆಗಳು.

ತಮ್ಮ ಅಕ್ಕನವರು ಕಾಗದ ಬರೆಸಲು ಬರುತ್ತಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ. ಪ್ರತಿದಿನ ಟಪಾಲಿನವನು ಬರುವ ಹೊತ್ತಿಗೆ ಸರಿಯಾಗಿ ನನ್ನ ಅಂಗಡಿ ಮುಂದೆ ಕಸ ಗುಡಿಸುತ್ತಾರೆ. ಅವನು ಏನೂ ಕೊಡದೆ ಹೋದ ಮೇಲೆ ಪೊರಕೆಯನ್ನು ನನ್ನ ಮೇಲೆ ಕೊಡವುತ್ತಾರೆ.

ಮೊನ್ನೆ ಆಂಜಿನಿ ನನ್ನ ಮೆಷಿನ್ನಿನ ಕೆಳಗೆ ಆಡುತ್ತಿದ್ದವನು ಜಡೆಯನ್ನು ಚಕ್ರಕ್ಕೆ ಸಿಕ್ಕಿಸಿಕೊಂಡ. ಹುಡುಗನಿಗೆ ನೋವಾಗುತ್ತಿದೆಯಲ್ಲಾ ಎಂದು ನಾನು ಕತ್ತರಿ ಎತ್ತಿದೆ. ಕತ್ತರಿ ತಗುಲಿದರೆ ಕೈ ಮುರಿಯುತ್ತೇನೆಂದು ಕೂಗುತ್ತಾ ತಮ್ಮ ಅಕ್ಕನವರು ಬಂದರು. ಅಲ್ಲೇ ನೆಲದ ಮೇಲೆ ಕೂತು, ಒಂದು ಗಂಟೆ ಹೊತ್ತು, ಒಂದೊಂದೇ ಎಳೆ ಬಿಡಿಸಿದರು. ಆ ಒಂದು ಗಂಟೆ ನನ್ನ ಕೆಲಸ ನಿಂತಿತ್ತು, ಅದನ್ನು ನಾನು ದೊಡ್ಡದು ಮಾಡುವುದಿಲ್ಲ.

ಸ್ಕೂಲಿನ ಮೇಷ್ಟರು ಜೂನ್‌ನಲ್ಲಿ ಹುಡುಗನನ್ನು ಸೇರಿಸುವ ಮುಂಚೆ ಜಡೆ ತೆಗೆಸಿ ಅಂದಿದ್ದಾರೆ. ತಮ್ಮ ಬಾವ ಕೋದಂಡಪ್ಪನವರು ಯಾರಾದರೂ ವರಸೆಯ ಮಾವನ ತೊಡೆ ಸಾಕು ಎಂದರು. ಅದಕ್ಕೆ ತಮ್ಮ ಅಕ್ಕನವರು, 'ನಂಗಿರೋನು ಒಬ್ಬ ತಮ್ಮ. ಅವ್ನು ಬತ್ತಾನೆ. ಬರ್ದಿದ್ರೆ ನನ್ ಮಗ ಜಡೆ ಹಾಕ್ಕೊಂಡೇ ಮದ್ವೆ ಆಗ್ಲಿ' ಎಂದರಂತೆ.

ತಮ್ಮ ಹೊಲಿಗೆಯ ಪ್ರಶ್ನೆಗೆ: ಎರಡು ಜಾತಿಯ ಬಟ್ಟೆ ಕೂಡಿಸಿದರೆ ಹೊಲಿಗೆ ಹೊರಗೆ ಕಂಡೇ ಕಾಣುತ್ತದೆ. ಕಾಣಲಿ ಬಿಡಿ. ಮೈ ಮುಚ್ಚಿದರೆ ಆಯಿತು.

ಇಂತಿ ವಿಧೇಯ,
ಬಚ್ಚಪ್ಪ


ನಂದಿದುರ್ಗ ಲೈನು
6–4–1958

ಅಕ್ಕಾ,

ಇವತ್ತು ಈಸ್ಟರ್ ಹಬ್ಬ. ಯಾವ ಚರ್ಚಿಗೂ ಹೋಗಲಿಲ್ಲ. ಮನೆಯಲ್ಲಿ ಒಬ್ಬನೇ ಕೂತು ಪ್ರಾರ್ಥನೆ ಮಾಡಿದೆ, ಶ್ರುತಿ ಇಲ್ಲದ ಗಂಟಲಲ್ಲೇ ಎರಡು ಹಾಡು ಹಾಡಿದೆ. ತಕ್ಕಡಿ ಹಿಡಿದು ನಿಲ್ಲೋಕೆ ಯಾರೂ ಇರಲಿಲ್ಲ, ಮನಸ್ಸಿಗೆ ಹಿತವಾಗಿತ್ತು. ಹೇಳುವವರೂ ಹೆದರಿಸುವವರೂ ಇಲ್ಲದೆಯೂ ಬಾಯಿ ಅವನ ಹೆಸರೇ ಹೇಳಿತು. ಹಾಗಾಗಿ ಅದು ಅಭ್ಯಾಸ ಅಲ್ಲ ಅಂದುಕೊಂಡೆ. ನಾನು ಯೇಸುವಿನವನು, ಇನ್ನು ಮೇಲೆ ಯಾವ ಬ್ರದರ್‌ನವನೂ ಅಲ್ಲ. ಇದು ಸದ್ಯಕ್ಕೆ ನನ್ನ ತೀರ್ಮಾನ, ನಿನಗೆ ಬೇಜಾರಾದರೂ ಸುಳ್ಳು ಬರೆಯಲಾರೆ.

ಮುಡಿಗೆ ನಾನು ಬರುತ್ತೇನೆ. ಕಾಯಿ ಒಡೆಯಲ್ಲ, ಕುಂಕುಮ ಇಡಲ್ಲ, ತಪ್ಪಾಯ್ತು ಅನ್ನಲ್ಲ. ಆದರೆ ಮಗು ತೊಡೆ ಮೇಲೆ ಇರುವಷ್ಟು ಹೊತ್ತು ಮುನೇಶ್ವರನೇ ಎದ್ದು ಬಂದರೂ ಅಲ್ಲಾಡಲ್ಲ. ಇದು ನಿನಗೆ ಒಪ್ಪಿಗೆ ಇಲ್ಲದಿದ್ದರೆ ಉತ್ತರ ಬರೆಸಬೇಡ, ನನಗೆ ತಿಳಿಯುತ್ತೆ.

ಕದಿರಪ್ಪ


ಬಂಗಾರಪೇಟೆ
14–4–1958

ಲೋ ಕದಿರಾ,

ಬಚ್ಚಪ್ಪನ ಕೈಲಿ ಮೂರು ಸಲ ಓದಿಸ್ದೆ. ಮೊದಲ್ನೇ ಸಲಕ್ಕೆ ಸಿಟ್ಟು ಬಂತು, ಎರಡ್ನೇ ಸಲಕ್ಕೆ ಅಳು ಬಂತು, ಮೂರ್ನೇ ಸಲಕ್ಕೆ ಬಚ್ಚಪ್ಪನಿಗೆ ಗಂಟ್ಲು ನೋವು ಬಂತು.

ಒಂದು ಮಾತು ಹೇಳ್ತೀನಿ, ಇದುವರ್ಗೂ ಹೇಳಿಲ್ಲ. ನೀನು ಆಸ್ಪತ್ರೇಲಿ ಬಿದ್ದಿದ್ದಾಗ ನಾನು ಹಸಿ ಬಾಣಂತಿ, ಆಂಜಿನಿಗೆ ಹನ್ನೊಂದು ದಿನ. ನೋಡೋಕೆ ಬರ್ಲಿಲ್ಲ. ನಿಮ್ ಬ್ರದರ್ ಬಂದ, ನೀನು ಅವ್ನ ಹಿಂದೆ ಹೋದೆ. ಅದೆಲ್ಲ ನಂಗೆ ಗೊತ್ತು. ಅಕ್ಕ ಯಾಕೆ ಬರ್ಲಿಲ್ಲ ಅಂತ ನೀನು ಒಂದು ಸಲಾನೂ ಎತ್ತಿ ಆಡ್ಲಿಲ್ಲ. ಅದೇ ಕಣ್ಲಾ ನಂಗೆ ಉರಿ. ನಿಮ್ ಬ್ರದರ್ ಮೇಲೆ ಇದ್ದ ಸಿಟ್ಟಿನಲ್ಲಿ ಅರ್ಧ ನನ್ ಮೇಲಿಂದೇ.

ಪೂಜಾರೀನ ಕೇಳ್ದೆ, ಕುಂಕುಮ ಇಡ್ದಿರೋ ಸೋದರಮಾವ ಕೂತ್ಕೋಬೋದಾ ಅಂತ. ಅವ್ನು ತಲೆ ಕೆರ್ಕೊಂಡು, ಕುಡ್ದು ತೂರಾಡ್ತಾ ಬರೋ ಮಾವಂದಿರ್ನೇ ಮುನೇಶ್ವರ ಬಿಟ್ಟವ್ನೆ, ಇವನ್ದೇನು ದೊಡ್ಡದು ಅಂದ. ಕಾಯಿ ನಿಮ್ ಬಾವ ಒಡೀತಾರೆ. ನಿನ್ ದೇವ್ರು ನಿಂಗಿರ್ಲಿ, ನಂಗೆ ನಿನ್ ತೊಡೆ ಸಾಕು.

ಮೇ ಹನ್ನೊಂದು ಭಾನುವಾರ. ಹಿಂದಿನ ದಿನಾನೇ ಮಾರಿಕುಪ್ಪಂ ರೈಲಿಗೆ ಬಂದ್ಬಿಡು. ರಜೆ ಮಾತ್ರ ಮರೀದೆ ಬರೆದು ಕೊಡು ಅಂತ ನಿಮ್ ಬಾವ ಹೇಳ್ತಾವ್ರೆ.

ನಿನ್ ಅಕ್ಕ,
ಮುನಿಶಾಮಮ್ಮ (ಹೆಬ್ಬೆಟ್ಟು, ಎರಡು ಸಲ ಒತ್ತಿದ್ದಾರೆ)


ನಂದಿದುರ್ಗ ಲೈನು
24–5–1958

ಅಕ್ಕಾ,

ಕ್ಷೇಮವಾಗಿ ಬಂದು ಸೇರಿದೆ. ನೀನು ಕಟ್ಟಿಕೊಟ್ಟ ಹುರಿಟ್ಟು ಇನ್ನೂ ಇದೆ.

ಅಲ್ಲಿ ಹೇಳದೆ ಬಂದ ಸಂಗತಿ ಎರಡಿವೆ. ತಲೆಗೆ ಕ್ಷೌರದ ಕತ್ತಿ ಇಟ್ಟ ತಕ್ಷಣ ಆಂಜಿನಿ ಕಿರುಚಿದ, ನಾನು ಕಿವಿಯಲ್ಲಿ ಏನೋ ಅಂದೆ, ಸುಮ್ಮನಾದ. ಏನಂದೆ ಅಂತ ನಾನು ಅಲ್ಲಿದ್ದಷ್ಟು ದಿನವೂ ನೀನು ಕೇಳಿದೆ. ದೇವರು ನಮ್ಮೆಲ್ಲರ ತಲೆಗೂದಲನ್ನೂ ಎಣಿಸಿ ಇಟ್ಟಿದ್ದಾನೆ ಅಂತ ಸಭೆಯಲ್ಲಿ ಕೇಳಿದ್ದೆ, ಅದನ್ನೇ ಹೇಳಿದೆ. ಅವನು ಅಳು ನಿಲ್ಲಿಸಿ, ಈಗ ಬೋಳಾದ್ರೆ ಅವನ ಲೆಕ್ಕ ತಪ್ಪೋಗಲ್ವಾ ಮಾವ ಅಂತ ಕೇಳಿದ. ಮೊದಲಿಂದ ಎಣಿಸ್ತಾನೆ ಬಿಡು ಅಂದೆ. ಮುನೇಶ್ವರನಿಗೂ ಕೇಳಿಸಿರಬೇಕು, ಅವನೇನೂ ಅನ್ನಲಿಲ್ಲ.

ಎರಡನೆಯದು, ಗುರುವಾರ ನೀನು ಬಟ್ಟೆ ಒಗೆಯೋಕೆ ಹೋಗಿದ್ದಾಗ ಬ್ರದರ್ ಜ್ಞಾನಮುತ್ತು ಬಚ್ಚಪ್ಪನ ಅಂಗಡಿಗೆ ಬಂದಿದ್ದರು. ಕರ್ತನು ಬರುವುದಕ್ಕೆ ಐದು ದಿನ ಮುಂಚೆ ಅಲ್ಲಿ ಒಂದು ಉಣ್ಣೆ ಕೋಟು ಹೊಲಿಯೋಕೆ ಕೊಟ್ಟು, ಇಪ್ಪತ್ತೈದಕ್ಕೆ ಬರ್ತೀನಿ ಅಂದಿದ್ದರು. ನಿನಗೆ ಹೇಳದೆ ನಾವಿಬ್ಬರೂ ಮುಚ್ಚಿಟ್ಟಿದ್ದೆವು. ಇದನ್ನು ಓದುತ್ತಿರುವವನು ಬಚ್ಚಪ್ಪನೇ ಅಲ್ಲವಾ, ಬೈಯುವುದಿದ್ದರೆ ಅಲ್ಲೇ ಶುರು ಮಾಡು.

ಬ್ರದರ್ ಸೊರಗಿಹೋಗಿದ್ದಾರೆ. ಸಭೆ ಮುಚ್ಚಿದೆ, ತಂಗಿ ಮನೆಗೆ ಹೊರಟಿದ್ದರು. ನನ್ನನ್ನು ನೋಡಿ ಮೆಟ್ಟಲ ಕೆಳಗೇ ನಿಂತರು. ನಾನೇ ಕೋಟು ಇಳಿಸಿ ತೊಡಿಸಿದೆ. ತೋಳು ಒಂದಿಂಚು ಗಿಡ್ಡ. ಮೇ ತಿಂಗಳ ಬಿಸಿಲಲ್ಲಿ ಆ ಕೋಟು ತೊಟ್ಟುಕೊಂಡು ನನ್ನನ್ನು ಕೇಳಿದರು, 'ಗಿದ್ಯೋನಾ, ನಾನು ನಂಬಿರಲಿಲ್ಲ ಅಂತೀಯಾ?'

ಆರು ತಿಂಗಳಿಂದ ಕಟ್ಟಿಟ್ಟುಕೊಂಡಿದ್ದ ಮಾತುಗಳು ಬೇಕಾದಷ್ಟಿದ್ದವು. 'ಆವಾಗ ಚಳಿಗಾಲ ಅಲ್ವಾ ಬ್ರದರ್' ಅಂದೆ.

ಅವರು ಗುಂಡಿ ಹಾಕಿಕೊಂಡು ಸ್ಟೇಷನ್ ಕಡೆ ನಡೆದರು. ರೈಲು ಬರುವವರೆಗೆ ಜೊತೆಯಲ್ಲಿ ಕೂತಿದ್ದೆ. ಕೈ ಹಿಡಿದುಕೊಳ್ಳಲಿಲ್ಲ, ಪಕ್ಕದಲ್ಲಿ ಕೂತಿದ್ದೆ ಅಷ್ಟೇ.

ಈ ಸಲ ರಜೆ ಕೇಳೋಕೆ ಹೋದಾಗ ದೊಡ್ಡವೆಂಕಟಪ್ಪ ಚೀಟಿ ನೋಡಿ, ಪರಲೋಕಕ್ಕೆ ಎರಡು ದಿನ, ಬಂಗಾರಪೇಟೆಗೆ ಎಂಟು ದಿನವಾ ಅಂದ. ಮೇಲೆ ನನಗಾಗಿ ಕಾಯುತ್ತಾರೋ ಇಲ್ಲವೋ ಗೊತ್ತಿರಲಿಲ್ಲ ಸ್ವಾಮಿ, ಬಂಗಾರಪೇಟೇಲಿ ಕಾಯ್ತಾವ್ರೆ ಅಂದೆ. ಅವನು ನಗದೆ ಸೀಲು ಒತ್ತಿದ.

ನಾನು ಬಿಳಿ ಅಂಗಿ ಹಾಕ್ಕೊಂಡು ಬೆಳಗ್ಗೆಯಿಂದ ಮಧ್ಯಾಹ್ನ ಎರಡರವರೆಗೆ ಕಾದೆ, ಹಸಿವಾಯಿತು, ಇಳಿದು ಬಂದೆ. ನೀನು ಆ ಜಡೆ ಬಾಚಿಕೊಂಡು ಎರಡು ವರ್ಷ ಕಾದೆ, ಅದೂ ಬಾಗಿಲು ತೆಗೆಯದೆ ಹಾಡುತ್ತಿದ್ದವನಿಗೆ. ಆ ದಿಬ್ಬದ ಮೇಲೆ ನನಗೆ ನಂಬಿಕೆ ಇತ್ತೋ ಇಲ್ಲವೋ, ಈಗಲೂ ನನಗೆ ಗೊತ್ತಿಲ್ಲ ಅಕ್ಕ.

ನಿನಗಿತ್ತು.

ನಿನ್ನ ತಮ್ಮ,
ಕದಿರಪ್ಪ